ಮುಖ ಆಮೇಲೆ, ಮೊದಲು ಕಾಲು ನೋಡಿ

ಹಿಂದುಮುಂದಾದ ಪಾದ, ಲಂಗದಡಿಯಲ್ಲೊಂದು ಗೊರಸು, ಇಲ್ಲದ ಹೆಬ್ಬೆರಳು, ಕಳಚಿಟ್ಟ ಚರ್ಮ. ಕೆರಿಬಿಯನ್ ದ್ವೀಪಗಳಿಂದ ಮಧ್ಯ ಅಮೆರಿಕದವರೆಗೆ ಕತ್ತಲಾದ ಮೇಲೆ ಅಡ್ಡಾಡುವವರ ಗುರುತುಗಳಿವು. ಹೆದರಿಸುವುದು ಇವರಿಗೆ ಉಪಕಸುಬು. ಮುಖ್ಯ ಕಸುಬು ದಾರಿ ತಪ್ಪಿಸುವುದು!

ಟ್ರಿನಿಡಾಡ್‌ನ ಗುಡ್ಡಸಾಲಿನ ಬುಡದಲ್ಲೊಂದು ಹಳ್ಳಿ. ಕೋಕೋ ತೋಟದ ನೆರಳು ಅಂಗಳ ದಾಟಿ ಜಗಲಿ ಮುಟ್ಟಿದೆ. ಮಕ್ಕಳಿನ್ನೂ ಆಟ ಬಿಟ್ಟಿಲ್ಲ. ತಾಯಿ ಬಾಗಿಲಿಗೆ ಬಂದು ಕೂಗುತ್ತಾಳೆ: ‘ಏಯ್, ಸಾಕು, ಒಳಗೆ ಬಾ!’ ಹೆಸರು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಹಗಲೆಲ್ಲ ಹತ್ತು ಸಲ ಕರೆದ ಹೆಸರು ಮುಸ್ಸಂಜೆಗೆ ಗಂಟಲಲ್ಲೇ ನಿಲ್ಲುತ್ತದೆ.

ತೋಟದೊಳಗೆ ಡ್ವೆನ್ ಕಿವಿಗೊಟ್ಟು ಕೂತಿರುತ್ತದೆ ಎಂಬುದೇ ಅದಕ್ಕೆ ಕಾರಣ.

ಡ್ವೆನ್ ಎಂದರೆ ಜ್ಞಾನಸ್ನಾನ ಆಗುವ ಮೊದಲೇ ತೀರಿಹೋದ ಮಗುವಿನ ಆತ್ಮ. ಪುಟ್ಟ ಮೈ, ತಲೆಯ ಮೇಲೆ ಅಣಬೆಯಂಥ ದೊಡ್ಡ ಹುಲ್ಲಿನ ಟೋಪಿ. ಟೋಪಿ ಎತ್ತಿದರೆ ಕೆಳಗೆ ಮುಖವೇ ಇಲ್ಲ, ಒಂದು ಬಾಯಿ ಇದ್ದರೆ ಇದ್ದೀತು. ಪಾದ ಹಿಂದುಮುಂದು: ಹಿಮ್ಮಡಿ ಮುಂದಕ್ಕೆ, ಬೆರಳು ಹಿಂದಕ್ಕೆ. ಮಗುವಿನ ಹೆಸರು ಒಮ್ಮೆ ಕಿವಿಗೆ ಬಿದ್ದರೆ ಸಾಕು, ಅದು ತಾಯಿಯ ದನಿಯಲ್ಲೇ ಕರೆಯುತ್ತದೆ. ಮಗು ಓಗೊಟ್ಟು ಹೊರಡುತ್ತದೆ. ದೊಡ್ಡವರು ಲಾಟೀನು ಹಿಡಿದು ಹೆಜ್ಜೆಗುರುತಿನ ಜಾಡು ಹಿಡಿಯುತ್ತಾರೆ. ಹೆಜ್ಜೆ ತೋರಿಸಿದ ಕಡೆಗೆ ನಡೆದಷ್ಟೂ ಮಗು ದೂರ, ಇನ್ನೂ ದೂರ.

ನಾನು ಓದಿದ ದೆವ್ವದ ಕತೆಗಳಲ್ಲಿ ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಎದೆ ನಡುಗಿಸಿದ್ದು ಇನ್ನೊಂದಿಲ್ಲ. ರಕ್ತವಿಲ್ಲ, ಕೋರೆಹಲ್ಲಿಲ್ಲ. ಒಂದು ಟೋಪಿ, ಒಂದು ಹೆಸರು, ತಿರುಗಿದ ಎರಡು ಪಾದ.

ಕುಂಬಳಕಾಯಿಯ ಆಚೆಗೆ

ಅಕ್ಟೋಬರ್ ಮುಗಿಯುತ್ತ ಬಂತೆಂದರೆ ಬೆಂಗಳೂರಿನ ಮಾಲ್‌ಗಳಲ್ಲೂ ಈಗ ಪ್ಲಾಸ್ಟಿಕ್ ಕುಂಬಳಕಾಯಿ ನೇತಾಡುತ್ತವೆ. ಹ್ಯಾಲೊವೀನ್ ಹೆಸರಲ್ಲಿ ಕೇಕಿನ ಮೇಲೂ ಜೇಡರ ಬಲೆ. ಅದೇ ಹೊತ್ತಿಗೆ ನಿಕರಾಗ್ವಾದ ಮಸಾಯಾ ಪಟ್ಟಣದಲ್ಲಿ ತಿಂಗಳ ಕೊನೆಯ ಶುಕ್ರವಾರ ರಾತ್ರಿ ‘ಅಗ್ವಿಸೋತೆಸ್’ ಮೆರವಣಿಗೆ ಹೊರಡುತ್ತದೆ. ಅಲ್ಲಿ ಕುಂಬಳಕಾಯಿಗೆ ಕೆಲಸವಿಲ್ಲ. ಪಂಜು ಹಿಡಿದ ಜನ ತಮ್ಮ ಅಜ್ಜಿಯರು ಹೇಳಿದ ದೆವ್ವಗಳನ್ನೇ ವೇಷ ಕಟ್ಟಿ ಬೀದಿಗೆ ತರುತ್ತಾರೆ. ಪಕ್ಕದ ಕೋಸ್ಟರಿಕಾ ಅಂತೂ ಅಕ್ಟೋಬರ್ 31ನ್ನೇ ತನ್ನ ಸಾಂಪ್ರದಾಯಿಕ ಮುಖವಾಡಗಳ ದಿನ ಎಂದು ಘೋಷಿಸಿಕೊಂಡಿದೆ. ಆಮದು ದೆವ್ವಕ್ಕೆ ಊರ ದೆವ್ವದ ಪೈಪೋಟಿ!

ಅವುಗಳನ್ನೆಲ್ಲ ಪಟ್ಟಿ ಮಾಡಲು ಕೂತರೆ ಈ ಪುರವಣಿ ಸಾಲದು. ನಾನು ಹಿಡಿಯುವುದು ಕಾಲನ್ನು ಮಾತ್ರ.

ಅದಕ್ಕೆ ನಮ್ಮಜ್ಜಿಯೂ ಕಾರಣ. ರಾತ್ರಿ ದಾರಿಯಲ್ಲಿ ಒಂಟಿ ಹೆಂಗಸು ಸಿಕ್ಕರೆ ಮುಖ ನೋಡಬೇಡ, ಮೊದಲು ಕಾಲು ನೋಡು, ಮೋಹಿನಿಗೆ ಪಾದ ಹಿಂದಕ್ಕಿರುತ್ತೆ ಎನ್ನುತ್ತಿದ್ದಳು. ಹೀಗಾಗಿ ಬಹಳ ದಿನ ನನಗೆ ಯಾರೇ ಎದುರಾದರೂ ಮೊದಲು ಚಪ್ಪಲಿ ನೋಡುವ ಚಾಳಿ ಅಂಟಿಕೊಂಡಿತ್ತು. ಅಟ್ಲಾಂಟಿಕ್ ಆಚೆಯ ಅಜ್ಜಿಯರೂ ಅದನ್ನೇ ಹೇಳುತ್ತಿದ್ದರು ಎಂದು ತಿಳಿದಾಗ ಒಂದು ಬಗೆಯ ಸಮಾಧಾನವಾಯಿತು.

ನೋಡಲೇಬೇಕಾದ ಕಾಲು, ನೋಡಬಾರದ ಕಾಲು

ಟ್ರಿನಿಡಾಡ್‌ನಲ್ಲಿ ಹಬ್ಬದ ಕುಣಿತ ಮುಗಿಸಿ ಮನೆಗೆ ಹೊರಟ ಗಂಡಸಿಗೆ ಲಾಜಬ್ಲೆಸ್ ಸಿಗುತ್ತಾಳೆ. ಅಗಲ ಟೋಪಿಯ ಅಂಚು ಮುಖವನ್ನು ಅರ್ಧ ಮುಚ್ಚಿದೆ. ಹಳೇ ಕಾಲದ ಉದ್ದ ಲಂಗ, ಒಳಲಂಗದ ಸರಬರ ಸದ್ದು. ನಡೆಯುವುದು ಮಾತ್ರ ವಿಚಿತ್ರ: ಒಂದು ಕಾಲು ರಸ್ತೆಯ ಮೇಲೆ, ಇನ್ನೊಂದು ಪಕ್ಕದ ಹುಲ್ಲಿನ ಮೇಲೆ. ಹುಲ್ಲಿನ ಮೇಲಿನ ಕಾಲು ಹಸುವಿನ ಗೊರಸು. ರಸ್ತೆಗಿಟ್ಟರೆ ಟಕಟಕ ಸದ್ದಾಗಿ ಗುಟ್ಟು ರಟ್ಟಾಗುತ್ತದೆಂದು ಈ ಉಪಾಯ. ನೋಡದೆ ಹಿಂದೆ ಹೋದವನು ಕಾಡಿನೊಳಗೆ ಹೋಗಿ, ದಿಕ್ಕುಗೆಟ್ಟು, ಕೊನೆಗೆ ಕಮರಿಯಲ್ಲಿ ಬಿದ್ದಿರುತ್ತಾನೆ.

ಅದೇ ಕಾಡಿನ ಯಜಮಾನ ಪಾಪಾ ಬ್ವಾ. ಮುದುಕ, ಮೈತುಂಬ ರೋಮ, ಗಡ್ಡದಲ್ಲಿ ಎಲೆ. ಬೇಟೆಗಾರರು ಬಂದರೆ ಕೊಂಬು ಊದಿ ಪ್ರಾಣಿಗಳಿಗೆ ಸುಳಿವು ಕೊಡುತ್ತಾನೆ. ಅವನಿಗೂ ಗೊರಸೇ. ಎದುರಾದರೆ ‘ಬೋಂಜೂರ್, ವ್ಯೂ ಪಾಪಾ’, ಅಂದರೆ ‘ನಮಸ್ಕಾರ ಹಿರಿಯರೇ’ ಎಂದು ಮರ್ಯಾದೆಯಿಂದ ಮಾತಾಡಿಸಬೇಕು. ಕಾಲಿನತ್ತ ಮಾತ್ರ ಕಣ್ಣು ಹಾಯಿಸಕೂಡದು. ಲಾಜಬ್ಲೆಸ್ ಕಾಲು ನೋಡಲೇಬೇಕು, ಪಾಪಾ ಬ್ವಾ ಕಾಲು ನೋಡಲೇಬಾರದು. ಬದುಕಿ ಉಳಿಯುವುದು ಅಷ್ಟು ಸುಲಭವಲ್ಲ.

ಇಂಗ್ಲಿಷರು ಆಳಿದ ನಾಡಿನಲ್ಲಿ ಈ ಫ್ರೆಂಚ್ ಹೆಸರುಗಳೇಕೆ? ಟ್ರಿನಿಡಾಡ್ ಸ್ಪೇನಿನ ವಸಾಹತಾಗಿದ್ದಾಗ, 1783ರಲ್ಲಿ ದೊರೆ ಒಂದು ಆಜ್ಞೆ ಹೊರಡಿಸಿ, ಕ್ಯಾಥೊಲಿಕ್ ಆಗಿರುವ ಯಾರು ಬಂದರೂ ಭೂಮಿ ಕೊಡುತ್ತೇನೆ ಎಂದ. ಗುಲಾಮರನ್ನು ಕರೆತಂದರೆ ತಲೆಯೆಣಿಕೆಯ ಮೇಲೆ ಹೆಚ್ಚುವರಿ ಜಮೀನು. ಸುತ್ತಲ ದ್ವೀಪಗಳ ಫ್ರೆಂಚ್ ತೋಟಗಾರರು ಗುಲಾಮರ ಸಮೇತ ಬಂದಿಳಿದರು. 1797ರಲ್ಲಿ ಬ್ರಿಟಿಷರು ದ್ವೀಪವನ್ನು ಕಿತ್ತುಕೊಂಡರು. ಕಚೇರಿಯ ಭಾಷೆ ಬದಲಾಯಿತು. ದೆವ್ವಗಳು ತಮ್ಮ ಭಾಷೆ ಬಿಡಲಿಲ್ಲ.

ಡೊಮಿನಿಕನ್ ಗಣರಾಜ್ಯದ ಬೆಟ್ಟಗಳಲ್ಲಿ ಸಿಗ್ವಾಪಾ ಇದ್ದಾಳೆ. ಕೂದಲೇ ಅವಳ ಬಟ್ಟೆ, ಮಾತಿಲ್ಲ, ಪಾದ ಹಿಂದಕ್ಕೆ. ಎಲ್ ಸಾಲ್ವಡಾರ್‌ನಲ್ಲಿ ಸಿಪಿತಿಯೊ ಎಂಬ ಡೊಳ್ಳುಹೊಟ್ಟೆಯ ಹುಡುಗ. ಅವನದೂ ತಿರುಗಿದ ಪಾದ, ದೊಡ್ಡ ಟೋಪಿ. ಒಲೆಯ ಬೂದಿ ಎಂದರೆ ಬಾಯಲ್ಲಿ ನೀರು. ಎಷ್ಟು ಶತಮಾನ ಕಳೆದರೂ ವಯಸ್ಸು ಹತ್ತು ದಾಟುವುದಿಲ್ಲ. ಅವನ ತಾಯಿ ಸಿಗ್ವಾನಾಬಾ ರಾತ್ರಿ ಹೊಳೆದಂಡೆಯಲ್ಲಿ ಕೂದಲು ಬಾಚುತ್ತ ಕೂತಿರುತ್ತಾಳೆ. ಹಿಂದಿನಿಂದ ಕಂಡವನು ಹತ್ತಿರ ಹೋಗುತ್ತಾನೆ. ತಿರುಗಿದರೆ ವಿಕಾರ ಮುಖ; ಗ್ವಾಟೆಮಾಲಾದಲ್ಲಿ ಹೇಳುವಂತೆ, ಕುದುರೆಯ ಮುಖ.

ಬೆಲೀಜ್‌ನ ಕಾಡಿನಲ್ಲಿ ಇರುವವನ ಹೆಸರು ತಾತಾ ದುಯೆಂದೆ. ‘ತಾತಾ’ ಎಂದರೆ ಅಲ್ಲಿ ಅಪ್ಪ, ಅಜ್ಜ, ಹಿರಿಯ. ನಮ್ಮ ತಾತನಿಗೂ ಆ ಪದಕ್ಕೂ ನಂಟಿಲ್ಲ, ಆದರೂ ಕೇಳಿದಾಗ ಕಿವಿಗೆ ಖುಷಿ. ಗಿಡ್ಡ ಮುದುಕ, ದೊಡ್ಡ ಟೋಪಿ, ಹಿಂದುಮುಂದಾದ ಪಾದ. ಕೈಗೆ ಹೆಬ್ಬೆರಳಿಲ್ಲ. ಎದುರಾದರೆ ಮಕ್ಕಳು ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡು ನಾಲ್ಕೇ ಬೆರಳು ತೋರಿಸಬೇಕು. ‘ಓ, ನಮ್ಮವನೇ’ ಎಂದುಕೊಂಡು ಬಿಟ್ಟುಬಿಡುತ್ತಾನೆ. ತೋರಿಸಿದವರಿಗೆ ಹೆಬ್ಬೆರಳೂ ಉಳಿಯಿತು, ಪ್ರಾಣವೂ ಉಳಿಯಿತು.

> ಹೊಕ್ಕುಳಿದೆಯಾ?
> ಕೊಲಂಬಸ್ ಜತೆಗೆ ಬಂದ ರಾಮೊನ್ ಪಾನೆ ಎಂಬ ಸಂನ್ಯಾಸಿ 15ನೇ ಶತಮಾನದ ಕೊನೆಯಲ್ಲಿ ಹಿಸ್ಪಾನಿಯೋಲಾ ದ್ವೀಪದ ತಾಯ್ನೋ ಜನರ ನಂಬಿಕೆಗಳನ್ನು ಬರೆದಿಟ್ಟ. ಸತ್ತವರು ರಾತ್ರಿ ಹೊತ್ತು ಹೊರಬಂದು ಸೀಬೆಯಂಥ ಹಣ್ಣು ತಿಂದು, ಬದುಕಿರುವವರ ನಡುವೆ ಬೆರೆಯುತ್ತಾರೆ ಎಂದು ಅವರು ನಂಬಿದ್ದರು. ನೋಡಲು ಎಲ್ಲರಂತೆಯೇ. ಅನುಮಾನ ಬಂದರೆ ಹೊಟ್ಟೆ ಸವರಿ ನೋಡಬೇಕಿತ್ತು: ಹೊಕ್ಕುಳಿಲ್ಲದಿದ್ದರೆ ಸತ್ತವನು.

ಹೆಜ್ಜೆಯ ಜಾಡು ಹಿಡಿದವರು

ಇಷ್ಟೊಂದು ಕಾಲುಗಳೇಕೆ ತಿರುಗಿವೆ? ತಿರುಗಿದ ಪಾದ ಲೋಕದ ಹಲವೆಡೆ ಇದೆ. ನಮ್ಮಲ್ಲಿದೆ, ಬ್ರೆಜಿಲ್‌ನ ಕಾಡು ಕಾಯುವ ಕುರುಪಿರಾನಿಗೂ ಇದೆ. ಇದನ್ನು ಒಂದು ದ್ವೀಪ ಹುಟ್ಟಿಸಿತು ಎನ್ನಲಾಗದು. ಆದರೆ ಕತೆ ಹುಟ್ಟುವುದು ಬೇರೆ, ಉಳಿಯುವುದು ಬೇರೆ. ಅಲ್ಲಿ ಅದೇಕೆ ಇಷ್ಟು ಗಟ್ಟಿಯಾಗಿ ಉಳಿಯಿತು ಎಂಬುದಕ್ಕೆ ನನ್ನದೊಂದು ಊಹೆ ಇದೆ. ಪಂಡಿತರು ಒಪ್ಪಬೇಕೆಂದಿಲ್ಲ.

ಆಫ್ರಿಕದಿಂದ ಅಟ್ಲಾಂಟಿಕ್ ದಾಟಿಸಲು ಹಡಗಿಗೆ ತುಂಬಿದ್ದು ಸುಮಾರು 1.25 ಕೋಟಿ ಜನರನ್ನು. ದಾರಿಯಲ್ಲೇ ಸತ್ತವರು ಲಕ್ಷಾಂತರ. ಉಳಿದವರಲ್ಲಿ ದೊಡ್ಡ ಪಾಲು ಕೆರಿಬಿಯನ್‌ನ ಕಬ್ಬಿನ ಗದ್ದೆಗಳಿಗೆ ಬಂತು. ಇಳಿದ ಕೂಡಲೇ ಹೆಸರು ಬದಲು. ಓಡಿಹೋದರೆ ಬೆನ್ನ ಹಿಂದೆ ಹೆಜ್ಜೆಗುರುತು ಓದಬಲ್ಲವರು, ಅವರ ಮುಂದೆ ನಾಯಿಗಳು. ಜಮೈಕಾದ ಬೆಟ್ಟಗಳಲ್ಲಿ ಅಡಗಿ ಊರು ಕಟ್ಟಿಕೊಂಡ ಮರೂನ್ ಜನರನ್ನು ಸೋಲಿಸಲಾಗದೆ ಬ್ರಿಟಿಷರು 1739ರಲ್ಲಿ ಅವರ ಜತೆ ಒಪ್ಪಂದಕ್ಕೇ ಸಹಿ ಹಾಕಬೇಕಾಯಿತು. 1795ರಲ್ಲಿ ಮತ್ತೆ ಯುದ್ಧ ಹೊತ್ತಿದಾಗ ಕ್ಯೂಬಾದಿಂದ ನೂರರಷ್ಟು ಬೇಟೆನಾಯಿಗಳನ್ನು ತರಿಸಿದರು.

ಹೀಗೆ ಬದುಕಿದ ಜನರಿಗೆ, ಹೆಜ್ಜೆ ಒಂದು ದಿಕ್ಕಿಗೆ, ಆಳು ಇನ್ನೊಂದು ದಿಕ್ಕಿಗೆ ಎಂಬ ಕತೆ ಬರೀ ಹೆದರಿಕೆಯಾಗಿ ಕೇಳಿಸಿರಲಾರದು. ಒಂದಿಷ್ಟು ಹೊಟ್ಟೆಕಿಚ್ಚೂ ಆಗಿರಬೇಕು. ತಮಗೂ ಅಂಥ ಪಾದ ಇದ್ದಿದ್ದರೆ!

ಸಿಗ್ವಾಪಾಳನ್ನು ಹಿಡಿಯುವ ಬಗೆ ಕೇಳಿ. ಮನುಷ್ಯರ ಕೈಲಾಗದು. ಹುಣ್ಣಿಮೆಯ ರಾತ್ರಿ, ಹೆಚ್ಚುವರಿ ಬೆರಳಿರುವ ಕಪ್ಪುಬಿಳುಪು ನಾಯಿಯನ್ನು ಬಿಟ್ಟರೆ ಮಾತ್ರ ಸಿಕ್ಕಾಳು. ಸಿಕ್ಕಿದ ಮೇಲೆ ಸೆರೆಯಲ್ಲಿ ಕೊರಗಿ ಸಾಯುತ್ತಾಳೆ. ಬೆಟ್ಟ, ರಾತ್ರಿ, ಓಟ, ನಾಯಿ, ಸೆರೆ. ಇದು ದೆವ್ವದ ಕತೆಯೋ, ಓಡಿಹೋದವರ ಕತೆಯೋ?

ಟೋಪಿಯ ಬಗೆಗೂ ಒಂದು ಮಾತು. ಗ್ವಾಟೆಮಾಲಾದ ಸೊಂಬ್ರೆರೊನ್ ಮೈಗಿಂತ ದೊಡ್ಡ ಟೋಪಿ ಹೊತ್ತ ಕುಳ್ಳ. ಚೆಲುವೆಯ ಕಿಟಕಿಯಡಿ ಗಿಟಾರ್ ನುಡಿಸಿ, ಅವಳ ಕೂದಲಿಗೆ ಜಡೆ ಹಾಕಿ ಹೋಗುತ್ತಾನೆ. ಆಮೇಲೆ ಅವಳಿಗೆ ಊಟ ಸೇರದು, ನಿದ್ದೆ ಹತ್ತದು. ಜಡೆ ಕತ್ತರಿಸಿದರೆ ಬಿಡುಗಡೆ. 1967ರಲ್ಲಿ ನೊಬೆಲ್ ಪಡೆದ ಮಿಗೆಲ್ ಆಂಹೆಲ್ ಅಸ್ತೂರಿಯಾಸ್ 1930ರ ತಮ್ಮ ಮೊದಮೊದಲ ಪುಸ್ತಕದಲ್ಲೇ ಇವನಿಗೆ ಜಾಗ ಕೊಟ್ಟಿದ್ದರು.

ಅಕ್ಕಿ ಎಣಿಸುವ ಅಜ್ಜಿ

ಹಳ್ಳಿಯ ಕೊನೆಯ ಗುಡಿಸಲಿನಲ್ಲಿ ಒಂಟಿ ಮುದುಕಿ. ನಡುರಾತ್ರಿ ಎದ್ದು, ಚರ್ಮವನ್ನು ಅಂಗಿಯಂತೆ ಕಳಚಿ, ಮಡಚಿ, ಒರಳಿನಲ್ಲಿಟ್ಟು ಬೆಂಕಿಯ ಉಂಡೆಯಾಗಿ ಹಾರುತ್ತಾಳೆ. ಬೀಗದ ಕಿಂಡಿಯಲ್ಲಿ ನುಸುಳಿ ಮಲಗಿದವರ ರಕ್ತ ಹೀರುತ್ತಾಳೆ. ಬೆಳಿಗ್ಗೆ ತೋಳಿನ ಮೇಲೆ ನೀಲಿ ಕಲೆ ಕಂಡರೆ ಸೂಕೂಯಾ ಬಂದಿದ್ದಳೆಂದೇ ಲೆಕ್ಕ. ಗಯಾನಾದಲ್ಲಿ ಇವಳೇ ಓಲ್ಡ್ ಹೈಗ್.

ತಡೆಯುವುದು ಹೇಗೆ? ಹೊಸ್ತಿಲ ಬಳಿ ಒಂದಿಷ್ಟು ಅಕ್ಕಿ ಚೆಲ್ಲಿ. ಒಂದೊಂದೇ ಕಾಳು ಹೆಕ್ಕಿ ಎಣಿಸದೆ ಮುಂದೆ ಹೋಗಲು ಅವಳಿಗೆ ಸಾಧ್ಯವಿಲ್ಲ. ಎಣಿಸಿ ಮುಗಿಯುವುದರೊಳಗೆ ಬೆಳಕು ಹರಿಯುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ಗೋಡೆ, ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನೆನಪಾಗುತ್ತದೆ. ನಮ್ಮ ದೆವ್ವ ಓದುತ್ತದೆ, ಅಲ್ಲಿಯದು ಎಣಿಸುತ್ತದೆ. ಎರಡೂ ನಿಯಮ ಪಾಲಿಸುವುದರಲ್ಲಿ ನಮಗಿಂತ ಪ್ರಾಮಾಣಿಕ.

ಕೊನೆಯ ಅಸ್ತ್ರ ಉಪ್ಪು. ಒರಳಿನಲ್ಲಿಟ್ಟ ಚರ್ಮಕ್ಕೆ ಉಪ್ಪುಖಾರ ಸವರಿದರೆ ಮುಂಜಾನೆ ತೊಡಲು ಹೋದವಳು ಉರಿಯಿಂದ ಒದ್ದಾಡಿ ಸಾಯುತ್ತಾಳೆ. ಈ ಭಾಗ ನನಗೆ ಹಿಡಿಸುವುದಿಲ್ಲ. ದಿಕ್ಕಿಲ್ಲದ ಮುದುಕಿಯ ಮೇಲೆಯೇ ಊರಿನ ಕಣ್ಣು ಬೀಳುವುದು, ಯಾರದೋ ತೋಳಿನ ಕಲೆಗೆ ಅವಳು ಉತ್ತರ ಹೇಳಬೇಕಾಗುವುದು ಯಾವ ನಾಡಿಗೂ ಹೊಸದಲ್ಲ.

ಆದರೆ ಉಪ್ಪಿಗೆ ಅಲ್ಲಿ ಇನ್ನೊಂದು ಕತೆಯಿದೆ. ತೋಟದ ಪಡಿತರ ಎಂದರೆ ಉಪ್ಪು ಹಾಕಿ ಒಣಗಿಸಿದ ಮೀನು. ಉಪ್ಪು ಮುಟ್ಟದ ಆಫ್ರಿಕನ್ನರು ಮೈ ಹಗುರಾಗಿ ಕಡಲ ಮೇಲೆ ಹಾರಿ ಊರು ಸೇರಿಕೊಂಡರು, ತಿಂದವರು ಇಲ್ಲೇ ಉಳಿದರು ಎಂದು ಜಮೈಕಾದ ಹಿರಿಯರು ಹೇಳುತ್ತಿದ್ದರು. ನಮಗೆ ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂಬ ಋಣದ ಪಾಠ. ಅವರಿಗೆ ಅದೇ ಉಪ್ಪು ಕಾಲಿನ ಸಂಕೋಲೆ. ಹೈಟಿಯಲ್ಲಿ ಮತ್ತೂ ಬೇರೆ: ಜೋಂಬಿಗೆ, ಅಂದರೆ ಮಂತ್ರದಿಂದ ಎಬ್ಬಿಸಿ ದುಡಿಸುವ ಹೆಣಕ್ಕೆ, ಉಪ್ಪಿಲ್ಲದ ಊಟವನ್ನೇ ಹಾಕಬೇಕು. ಒಂದು ಹರಳು ನಾಲಗೆಗೆ ತಾಗಿದರೂ ತಾನು ಸತ್ತಿರುವುದು ನೆನಪಾಗಿ, ಯಜಮಾನನ ಗದ್ದೆ ಬಿಟ್ಟು ನೆಟ್ಟಗೆ ತನ್ನ ಗೋರಿಗೆ ನಡೆಯುತ್ತದೆ.

> ಪಾರಾಗುವ ಬಗೆ
> ಡ್ವೆನ್: ಮುಸ್ಸಂಜೆಯಲ್ಲಿ ಮಗುವಿನ ಹೆಸರು ಕೂಗಬೇಡಿ.
> ಲಾಜಬ್ಲೆಸ್: ಬಟ್ಟೆ ಬಿಚ್ಚಿ ಒಳಹೊರಗು ಮಾಡಿ ತೊಟ್ಟುಕೊಳ್ಳಿ.
> ಸೂಕೂಯಾ: ಹೊಸ್ತಿಲಲ್ಲಿ ಅಕ್ಕಿ.
> ತಾತಾ ದುಯೆಂದೆ: ಹೆಬ್ಬೆರಳು ಮಡಚಿಕೊಳ್ಳಿ.
> ಪಾಪಾ ಬ್ವಾ: ಮರ್ಯಾದೆ ಕೊಡಿ, ತಲೆ ತಗ್ಗಿಸಬೇಡಿ. ತಗ್ಗಿಸಿದರೆ ಕಾಲು ಕಾಣುತ್ತದೆ.

ಎಂಟು ಕಾಲಿನ ಚತುರ

ಕಾಲಿನ ಮಾತು ಬಂದಮೇಲೆ ಎಂಟು ಕಾಲಿನವನನ್ನು ಬಿಡಲಾದೀತೆ? ಅನಾನ್ಸಿ ಒಮ್ಮೆ ಜೇಡ, ಒಮ್ಮೆ ಮನುಷ್ಯ. ಇಂದಿನ ಘಾನಾದ ಅಕಾನ್ ಜನರ ಭಾಷೆಯಲ್ಲಿ ಅವನ ಹೆಸರಿನ ಅರ್ಥವೇ ಜೇಡ. ಹಡಗಿನ ತಳದಲ್ಲಿ ಸರಪಳಿ ತೊಟ್ಟು ಬಂದವರು ತಮ್ಮ ಜತೆ ತರಬಹುದಾಗಿದ್ದ ಸಾಮಾನು ಇವನೊಬ್ಬನೇ. ಜಮೈಕಾದಲ್ಲಿ ಅನಾನ್ಸಿ, ಕುರಸಾವ್‌ನಲ್ಲಿ ನಾನ್ಸಿ.

ಜಮೈಕಾದಲ್ಲಿ ಚಾಲ್ತಿಯಲ್ಲಿರುವ ಒಂದು ಕತೆ ಇದು. ಕಾಡಿನಲ್ಲಿ ಎಲ್ಲಕ್ಕೂ ಹುಲಿರಾಯನ ಹೆಸರು. ಕತೆಗಳಿಗೂ ಹುಲಿಕತೆ ಎಂದೇ ಹೆಸರು. (ಜಮೈಕಾದಲ್ಲೂ ಹುಲಿಯಿಲ್ಲ, ಆಫ್ರಿಕದಲ್ಲೂ ಇಲ್ಲ. ಆದರೆ ಕತೆಯಲ್ಲಿ ಇದೆ.) ಅನಾನ್ಸಿ ಹೋಗಿ, ‘ಕತೆಗಳಿಗಾದರೂ ನನ್ನ ಹೆಸರಿಡಿ’ ಎಂದ. ಹುಲಿಗೆ ನಗು. ‘ಆಗಲಿ. ಹಾವನ್ನು ಜೀವಂತ ಕಟ್ಟಿ ತಾ.’

ಅನಾನ್ಸಿ ಹಗ್ಗದ ಕುಣಿಕೆ ಒಡ್ಡಿದ, ಗುಂಡಿ ತೋಡಿದ, ಹಣ್ಣು ಇಟ್ಟ. ಹಾವು ಹಣ್ಣು ತಿಂದು ಹೋಯಿತು. ಕೊನೆಗೆ ಅದರ ಬಿಲದ ಮುಂದೆ ಜೋಲುಮುಖ ಹಾಕಿ ಕೂತ.

‘ಏನೋ, ನನ್ನ ಹಿಡಿಯೋಕೆ ಬಂದಿದ್ದೀಯಾ?’

‘ಹೌದು ಹಾವಣ್ಣ, ಹಿಡಿಯೋಕೇ ಬಂದೆ, ಆಗಲಿಲ್ಲ. ಈ ಕಾಡಿಗೆಲ್ಲ ಉದ್ದ ನೀನೇ ಅಂತ ಸಾಬೀತು ಮಾಡಬೇಕಿತ್ತು. ಅಗೋ ಆ ಬಿದಿರು ನಿನಗಿಂತ ಉದ್ದ ಅಂತ ಎಲ್ಲರೂ ಆಡಿಕೊಳ್ತಾರೆ.’

‘ಆ ಬಿದಿರಾ? ಕಡಿದು ತಾ, ಅಳೆದೇಬಿಡೋಣ!’

ಹಾವು ಬಿದಿರಿನ ಪಕ್ಕ ಮೈಚಾಚಿತು. ‘ನಾನು ತಲೆ ಕಡೆ ನೋಡುವಾಗ ನೀನು ಬಾಲ ಮುಂದಕ್ಕೆ ಜರುಗಿಸಿದರೆ? ಬಾಲ ಕಟ್ಟಿಬಿಡ್ತೀನಿ.’ ಕಟ್ಟಿದ. ‘ಮಧ್ಯದಲ್ಲಿ ಡೊಂಕಾಗ್ತಿದ್ದೀಯಾ ಅಣ್ಣ.’ ಅಲ್ಲೂ ಕಟ್ಟಿದ. ‘ಇನ್ನೊಂದೇ ಒಂದು ಗೇಣು, ಕಣ್ಣು ಮುಚ್ಚಿ ಎಳಿ!’ ಹಾವು ಕಣ್ಣು ಮುಚ್ಚಿ ಮೈ ಎಳೆಯಿತು. ಅನಾನ್ಸಿ ತಲೆಯನ್ನೂ ಕಟ್ಟಿ ಎದ್ದು ನಿಂತ. ನೆರೆದ ಪ್ರಾಣಿಗಳು ನಗಲಿಲ್ಲ. ಅಂದಿನಿಂದ ಅವು ಅನಾನ್ಸಿ ಕತೆಗಳು.

ಘಾನಾದ ಮೂಲದಲ್ಲಿ ಕತೆಗಳ ಒಡೆಯ ಆಕಾಶದ ದೇವರು. ಅಲ್ಲಿ ಹಾವಷ್ಟೇ ಅಲ್ಲ, ಚಿರತೆ, ಕಣಜದ ಹುಳು, ಕಾಡಿನ ಯಕ್ಷಿಣಿಯನ್ನೂ ಹಿಡಿದು ತಂದು ಅನಾನ್ಸಿ ಬೆಲೆ ತೆರುತ್ತಾನೆ. ಕಡಲು ದಾಟಿದ ಮೇಲೆ ಈ ರೂಪದಲ್ಲಿ ದೇವರ ಜಾಗಕ್ಕೆ ಹುಲಿ ಬಂತು. ಒಡೆಯ ಎಂದರೆ ಯಾರು ಎಂಬುದು ಹೇಳುವವರಿಗೆ ಬೇರೆಯದಾಗಿಯೇ ಅರ್ಥವಾಗಿತ್ತು. ಜಮೈಕಾದಲ್ಲಿ 1760ರಲ್ಲಿ ಟ್ಯಾಕಿ ಎಂಬಾತನ ಮುಂದಾಳ್ತನದ ಗುಲಾಮರ ದಂಗೆಯ ನಂತರ, ಓಬಿಯಾ ಎಂಬ ಆಫ್ರಿಕನ್ ಮಂತ್ರವಿದ್ಯೆಗೆ ಮರಣದಂಡನೆ ವಿಧಿಸುವ ಕಾನೂನೇ ಬಂತು. ಮಂತ್ರ ಹೇಳಿದರೆ ನೇಣು, ಜೇಡನ ಕತೆ ಹೇಳಿದರೆ ಏನೂ ಇಲ್ಲ.

ಅನಾನ್ಸಿಯನ್ನು ವೀರನನ್ನಾಗಿ ಮಾಡುವ ಆಸೆ ಅನೇಕರಿಗಿದೆ. ನನಗೆ ಆ ಉಮೇದಿಲ್ಲ. ಬಲಿಷ್ಠರಿಗೆ ಚಳ್ಳೆಹಣ್ಣು ತಿನ್ನಿಸುವವನು ಬರಗಾಲದಲ್ಲಿ ಹೆಂಡತಿ ಮಕ್ಕಳಿಗೂ ಅದನ್ನೇ ತಿನ್ನಿಸುತ್ತಾನೆ. ಜಮೈಕಾದ ಕತೆಗಾರರಿಗೂ ಇದು ಗೊತ್ತು. ಅದಕ್ಕೇ ಕತೆ ಮುಗಿದ ಮೇಲೆ ಜ್ಯಾಕ್ ಮಂಡೋರಾ ಎಂಬಾತನನ್ನು ಕರೆದು, ಇದರಲ್ಲಿ ನನ್ನ ಆಯ್ಕೆ ಏನೂ ಇಲ್ಲಪ್ಪ ಎಂದು ಕೈತೊಳೆದುಕೊಳ್ಳುತ್ತಾರೆ. ಜ್ಯಾಕ್ ಮಂಡೋರಾ ಸ್ವರ್ಗದ ಬಾಗಿಲು ಕಾಯುವವನಂತೆ. ಸಾವಿನ ಮನೆಯಲ್ಲಿ ಒಂಬತ್ತನೆಯ ರಾತ್ರಿಯ ಜಾಗರಣೆಗೆ ಈ ಕತೆಗಳು ಬೇಕೇ ಬೇಕಿದ್ದವು. ಮಿಸ್ ಲೂ ಎಂದೇ ಮನೆಮಾತಾದ ಲೂಯಿಸ್ ಬೆನೆಟ್ (1919–2006) ಇವನ್ನು ಜಮೈಕಾದ ಆಡುಮಾತಿನಲ್ಲೇ ವೇದಿಕೆ, ರೇಡಿಯೊ, ಟಿವಿಗೆ ತಂದು, ಒರಟು ಇಂಗ್ಲಿಷ್ ಎಂದು ಮೂಗು ಮುರಿಯುತ್ತಿದ್ದವರನ್ನೂ ನಗಿಸಿದರು.

ಸೇಂಟ್ ಲೂಸಿಯಾದ ಡೆರೆಕ್ ವಾಲ್ಕಾಟ್ 1958ರಲ್ಲಿ ರಂಗಕ್ಕೆ ತಂದ ‘ಟಿ-ಜಾನ್ ಅಂಡ್ ಹಿಸ್ ಬ್ರದರ್ಸ್’ ನಾಟಕದಲ್ಲಿ ಈ ಚಾಣಾಕ್ಷತನ ಇನ್ನೊಂದು ಬಗೆಯಲ್ಲಿದೆ. ಸೈತಾನನ ಪಂಥ: ಯಾರು ಮೊದಲು ಸಿಟ್ಟಾಗುತ್ತಾರೋ ಅವರಿಗೆ ಸೋಲು. ದೊಡ್ಡಣ್ಣನ ತೋಳ್ಬಲ ಸೋಲುತ್ತದೆ, ನಡುವಣ್ಣನ ಓದೂ ಸೋಲುತ್ತದೆ. ಕಿರಿಯ ಟಿ-ಜಾನ್ ಯಜಮಾನನ ಕಬ್ಬಿಗೆ ಬೆಂಕಿ ಹಾಕಿಸಿ, ಅವನಿಗೇ ಸಿಟ್ಟು ಬರಿಸುತ್ತಾನೆ. ಸೈತಾನ ಅಲ್ಲಿ ಕಾಡಿನ ಮುದುಕನ ವೇಷದಲ್ಲೂ ಬರುತ್ತಾನೆ, ತೋಟದ ದೊರೆಯ ವೇಷದಲ್ಲೂ ಬರುತ್ತಾನೆ.

ಹಡಗು ಹತ್ತಿದ ಚುಡೇಲಿ

ಗುಲಾಮಗಿರಿ ನಿಂತಾಗ ಕಬ್ಬು ಕಡಿಯಲು ಕೈ ಬೇಕಾಯಿತು. 1838ರಲ್ಲಿ ಗಯಾನಾಕ್ಕೆ, 1845ರ ಮೇ 30ರಂದು ಟ್ರಿನಿಡಾಡ್‌ಗೆ ಭಾರತದ ಕೂಲಿಗಳ ಮೊದಲ ಹಡಗುಗಳು ಬಂದವು. 1917ರವರೆಗೆ ಟ್ರಿನಿಡಾಡ್ ಒಂದಕ್ಕೇ ಸುಮಾರು 1.44 ಲಕ್ಷ ಜನ. ಹೆಚ್ಚಿನವರು ಕಲ್ಕತ್ತಾ ಬಂದರಿನಿಂದ ಹೊರಟ ಭೋಜಪುರಿ ಸೀಮೆಯವರು, ಸ್ವಲ್ಪ ಮಂದಿ ಮದ್ರಾಸಿನಿಂದ ಹಡಗು ಹತ್ತಿದವರು. ಅವರ ಗಂಟಿನಲ್ಲಿ ಚುಡೇಲಿಯೂ ಬಂದಳು.

ಬಸುರಿಯಾಗಿ ಅಥವಾ ಹೆರಿಗೆಯಲ್ಲಿ ಸತ್ತವಳು ಆಕೆ. ಟ್ರಿನಿಡಾಡ್‌ನ ಬಾಯಲ್ಲಿ ಚುರೈಲ್ ಆದಳು. ಬಿಚ್ಚಿದ ಕೂದಲು, ಬಿಳಿ ಬಟ್ಟೆ, ಕಂಕುಳಲ್ಲಿ ಅಳುವ ಕೂಸು. ಉತ್ತರ ಭಾರತದಲ್ಲಿ ಅವಳ ಗುರುತೂ ತಿರುಗಿದ ಪಾದವೇ. ಹೆರಿಗೆಯಲ್ಲಿ ಸತ್ತ ತಾಯಿ ಒಂದು ಕಡಲಿನಿಂದ ಬಂದಳು, ಜ್ಞಾನಸ್ನಾನಕ್ಕೆ ಮೊದಲೇ ಸತ್ತ ಮಗು ಅಲ್ಲಿ ಆಗಲೇ ಕಾದಿತ್ತು. ಹೊಸಬರಿಗೂ ತೋಟ ಬಿಟ್ಟು ಹೊರಗೆ ಹೆಜ್ಜೆ ಇಡಬೇಕೆಂದರೆ ಯಜಮಾನನ ಚೀಟಿ ಬೇಕಿತ್ತು. ಚೀಟಿಯಿಲ್ಲದೆ ದಾರಿಯಲ್ಲಿ ಸಿಕ್ಕರೆ ಶಿಕ್ಷೆ.

ಮಸಾಯಾದ ಮೆರವಣಿಗೆಗೆ ಮರಳೋಣ. ಅಲ್ಲಿನ ವೇಷಗಳಲ್ಲಿ ಕಾಲಿಲ್ಲದ ದೆವ್ವವೂ ಒಂದಿದೆ: ‘ಕರ್ರೆತಾ ನಾಗ್ವಾ’ ಎಂಬ ಗಾಡಿ. ಎಲುಬಿನ ಹಂದರವಾದ ಎರಡು ಎತ್ತು, ಮೇಲೆ ಬಿಳಿ ಬಟ್ಟೆ ಹೊದ್ದ ಸಾವು, ಗಡಗಡ ಸದ್ದು. ಬಾಗಿಲ ಮುಂದೆ ಹಾದುಹೋದರೆ ಬೆಳಗಾಗುವುದರೊಳಗೆ ಆ ಕೇರಿಯಲ್ಲೊಂದು ಹೆಣ. ಸ್ಪೇನಿನವರು ಲೂಟಿಯನ್ನು ಗಾಡಿಗಳಲ್ಲಿ ತುಂಬಿ, ಸರಪಳಿ ಹಾಕಿದ ಜನರನ್ನು ಹಿಂದೆ ಎಳೆದೊಯ್ಯುತ್ತಿದ್ದ ಸದ್ದು ಅದು ಎನ್ನುವವರಿದ್ದಾರೆ. ಆ ಗಾಡಿಗೆ ಒಂದೇ ಊನ. ಅಡ್ಡರಸ್ತೆ ದಾಟಲಾರದು. ಚೌಕ ಬಂದೊಡನೆ ಮಾಯವಾಗಿ ಬೇರೊಂದು ಬೀದಿಯಲ್ಲಿ ಕಾಣಿಸಿಕೊಳ್ಳಬೇಕು.

ಅಕ್ಟೋಬರಿನ ಆ ಶುಕ್ರವಾರ ಮೊನಿಂಬೊ ಕೇರಿಯ ಹುಡುಗರು ಮರದ ಗಾಡಿಯೊಂದಕ್ಕೆ ಸರಪಳಿ ಕಟ್ಟಿ, ಬಿಳಿ ಬಟ್ಟೆ ಹೊದಿಸಿ ಎಳೆಯುತ್ತಾರೆ. ಚೌಕ ಬರುತ್ತದೆ. ಇಬ್ಬರು ಚಕ್ರಕ್ಕೆ ಭುಜ ಕೊಡುತ್ತಾರೆ, ಒಬ್ಬ ಮೂಕಿ ಹಿಡಿದು ಪಕ್ಕಕ್ಕೆ ಜಗ್ಗುತ್ತಾನೆ. ಗಾಡಿ ಕಿರುಗುಡುತ್ತ ಮೂಲೆ ತಿರುಗಿ ಮುಂದಿನ ಬೀದಿಗೆ ಇಳಿಯುತ್ತದೆ.